ಹಳೆ ಕದಕ್ಕೆ ಗ್ಯಾರೇಜಿನ ಪುಟ್ಟಿ: ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು

ಕಲಬುರಗಿ ಬ್ರಹ್ಮಪುರದ ಹಳೆ ಮನೆಯೊಂದರ ಎರಡು ಕದದ ಬಾಗಿಲು. ಒಂದೊಂದು ಕದ ಆರೂವರೆ ಅಡಿ ಎತ್ತರ, ಒಂದೂಮುಕ್ಕಾಲು ಅಡಿ ಅಗಲ. ನಿಲುವು ಪಟ್ಟಿ, ಅಡ್ಡ ಪಟ್ಟಿ ಸಾಗವಾನಿ. ನಡುವಿನ ಹಲಗೆಗಳು ಬೇವಿನವು. ಮೇಲೆ ಒಂದರ ಮೇಲೊಂದು ಬಳಿದ ಎನಾಮೆಲ್ ಪದರಗಳು. ಅದರಡಿ ಮೊಳೆ ತೂತುಗಳು, ಹಳೆ ಚಿಲಕ ಕಿತ್ತ ಗುಂಡಿ, ಒಡೆದ ಒಂದು ಮೂಲೆ, ಕೊಳೆತ ಕೆಳತುದಿ, ಹಲಗೆಯಲ್ಲಿ ಉದ್ದಕ್ಕೆ ಬಿಟ್ಟ ಬಿರುಕು. ಬೇಕಾಗಿರುವುದು ನುಣುಪಾದ ಎನಾಮೆಲ್ ಫಿನಿಶ್. ಪಾಲಿಶ್ ಅಲ್ಲ, ಹಾಗಾಗಿ ಪುಟ್ಟಿಯ ಬಣ್ಣ ಮರಕ್ಕೆ ಹೊಂದಬೇಕೆಂಬ ಚಿಂತೆಯಿಲ್ಲ.

ಇದಕ್ಕೆ ಬಳಸಿದ್ದು ಕಾರಿನ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನವರು ಬಳಸುವ ಎರಡು ಭಾಗದ ಪಾಲಿಯೆಸ್ಟರ್ ಪುಟ್ಟಿ, ಅಂದರೆ ಬಾಡಿ ಫಿಲ್ಲರ್. ಡಬ್ಬಿಯಲ್ಲಿ ಪಾಲಿಯೆಸ್ಟರ್ ರಾಳ, ಸ್ಟೈರೀನ್ ಮತ್ತು ಟಾಲ್ಕ್ ಪುಡಿ. ಟ್ಯೂಬಿನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಬಣ್ಣದ ಹಾರ್ಡನರ್. ಇದು ಆರಿ ಗಟ್ಟಿಯಾಗುವ ವಸ್ತುವಲ್ಲ, ರಾಸಾಯನಿಕವಾಗಿ ಹೆಪ್ಪುಗಟ್ಟುವ ವಸ್ತು. ಅದಕ್ಕೇ ಅರ್ಧ ಗಂಟೆಯಲ್ಲಿ ತಿಕ್ಕಲು ಸಿದ್ಧ, ಮರುದಿನ ಕುಗ್ಗಿ ಕುಳಿ ಬೀಳುವುದು ಬಹಳ ಕಡಿಮೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಹಾಗಲ್ಲ. ಅದರ ಥಿನ್ನರ್ ಹಾರಿಹೋದಂತೆ ಕುಗ್ಗುತ್ತದೆ, ತೆಳು ಗೀರಿಗಷ್ಟೇ ಸರಿ. ಗೋಡೆ ಪುಟ್ಟಿ ಬಿಳಿ ಸಿಮೆಂಟಿನದು, ಮರದ ಹತ್ತಿರವೂ ತರಬೇಡಿ. ಒಂದು ಬೇಸಿಗೆಯಲ್ಲಿ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಪೇಂಟರುಗಳು ಎಣ್ಣೆ ಬೆರೆಸಿ ಕಲಸುವ ಲಪ್ಪ ಮರಕ್ಕೆ ಒಳ್ಳೆಯದೇ, ಆದರೆ ಆಳದ ಗುಂಡಿಯಲ್ಲಿ ಒಳಗೆ ಒಣಗಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ.

ಪಾಲಿಯೆಸ್ಟರ್ ಪುಟ್ಟಿಗೆ ಒಂದೇ ದೊಡ್ಡ ದೋಷ: ಗಟ್ಟಿಯಾದ ಮೇಲೆ ಅದು ಅಲುಗುವುದಿಲ್ಲ, ಮರ ಅಲುಗುತ್ತದೆ. ಕೆಲಸ ಕೆಡುವುದು ಬಹುಪಾಲು ಇಲ್ಲಿಯೇ, ತಿಕ್ಕುವುದರಲ್ಲಲ್ಲ.

ಮರ ಎಷ್ಟು ಅಲುಗುತ್ತದೆ

ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳು ಬಿಸಿಲು 40 ಡಿಗ್ರಿ ದಾಟಿ ಗಾಳಿ ಒಣಗಿರುತ್ತದೆ. ಗಾಳಿಯ ತೇವಾಂಶ ಶೇ. 30ರ ಆಸುಪಾಸಿನಲ್ಲೇ ನಿಂತರೆ ಮರದೊಳಗಿನ ತೇವ ಶೇ. 6ರ ಹತ್ತಿರಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 80ರಲ್ಲಿ ನಿಂತರೆ ಅದೇ ಮರ ಶೇ. 15ರ ಕಡೆಗೆ ಏರುತ್ತದೆ. ಬಣ್ಣ ಬಳಿದ ಕದ ಪೂರ್ತಿ ಆ ತುದಿಯಿಂದ ಈ ತುದಿಗೆ ಹೋಗುವುದಿಲ್ಲ, ಶೇ. 6ರಷ್ಟು ಏರಿಳಿತ ಅಂತ ಇಟ್ಟುಕೊಳ್ಳಿ. ಸಾಗವಾನಿ ಹಲಗೆ ತೇವ ಶೇ. 1 ಬದಲಾದಾಗ ಅಗಲದಲ್ಲಿ ಸುಮಾರು ಶೇ. 0.2 ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಉದ್ದಕ್ಕೆ ಬದಲಾವಣೆ ಲೆಕ್ಕಕ್ಕಿಲ್ಲ. ಈ ಕದದ ನಡುವಿನ ಹಲಗೆ 13 ಇಂಚು, ಅಂದರೆ 330 ಮಿಲಿಮೀಟರ್ ಅಗಲ. ಸಾಗವಾನಿಯ ಲೆಕ್ಕ ಹಿಡಿದರೂ ಬೇಸಿಗೆಗೂ ಮಳೆಗಾಲಕ್ಕೂ 4 ಮಿಲಿಮೀಟರ್ ವ್ಯತ್ಯಾಸ.

ಹಲಗೆಯನ್ನು ಪಟ್ಟಿಯ ಗಾಡಿಯೊಳಗೆ, ಅಂದರೆ ಅಂಚಿನಲ್ಲಿ ಕೊರೆದ ತೋಡಿನೊಳಗೆ, ಅಂಟಿಸದೆ ಸಡಿಲ ಕೂರಿಸಿರುವುದು ಇದಕ್ಕಾಗಿಯೇ. ಹಲಗೆ ಪಟ್ಟಿಯೊಳಗೆ ಹೋಗುವ ಆ ಸಂದಿ ಕಣ್ಣಿಗೆ ಅಸಹ್ಯ, ಕೈಯಲ್ಲಿ ಪುಟ್ಟಿ ಇದೆ, ತುಂಬೋಣ ಅನಿಸುತ್ತದೆ. ತುಂಬಿದರೆ ಎರಡರಲ್ಲೊಂದು ಆಗುತ್ತದೆ. ಮೇ ತಿಂಗಳಲ್ಲಿ ತುಂಬಿದ್ದು ಆಗಸ್ಟಿನಲ್ಲಿ ಹಿಗ್ಗಿದ ಹಲಗೆಯ ಒತ್ತಡಕ್ಕೆ ಹೊರಗೆ ಉಬ್ಬಿ ಬಣ್ಣವನ್ನು ಎತ್ತುತ್ತದೆ. ಆಗಸ್ಟಿನಲ್ಲಿ ತುಂಬಿದ್ದು ಮೇ ತಿಂಗಳಲ್ಲಿ ಕೂದಲೆಳೆ ಗೆರೆಯಾಗಿ ಉದ್ದಕ್ಕೂ ಬಿಡುತ್ತದೆ. ಹಲಗೆ ಎರಡೂ ಕಡೆ ಬಿಗಿಯಾಗಿ ಅಂಟಿಕೊಂಡುಬಿಟ್ಟರೆ ಇನ್ನೂ ಕೆಟ್ಟದು: ಕುಗ್ಗುವಾಗ ಹಲಗೆಯೇ ನಡುವೆ ಸೀಳುತ್ತದೆ. ಈ ಬಾಗಿಲಿನ ಒಂದು ಬಿರುಕಿಗೆ ಕಾರಣವೂ ಅದೇ ಇರಬೇಕು. ಗಾಡಿಯೊಳಗೆ ಯಾವುದೋ ಕಾಲದ ಲಪ್ಪ ಕಲ್ಲಿನಂತೆ ಕೂತಿತ್ತು. ಅದನ್ನು ತೆಳು ಉಳಿಯಿಂದ ಕೆರೆದು ತೆಗೆದು, ಸಂದಿಯನ್ನು ಸಂದಿಯಾಗಿಯೇ ಬಿಡಲಾಯಿತು. ಗೆರೆ ಕಾಣಲೇಬಾರದು ಎನ್ನುವವರು ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟನ್ನು ಸಣ್ಣಗೆ ಎಳೆಯಬಹುದು, ಅದು ರಬ್ಬರಿನಂತೆ ಎಳೆಯುತ್ತದೆ. ಪ್ರೈಮರ್ ಒಂದು ಕೋಟ್ ಆದ ಮೇಲೆ ಎಳೆಯಬೇಕು, ಅದರ ಮೇಲೆ ಸ್ಯಾಂಡ್ ಪೇಪರ್ ಹೊಡೆಯುವಂತಿಲ್ಲ.

ಇಂಥ ಕೆಲಸಕ್ಕೆ ಈ ಕಡೆ ಒಳ್ಳೆ ಕಾಲ ನವೆಂಬರಿನಿಂದ ಫೆಬ್ರವರಿ. ಮರ ಪೂರ್ತಿ ಹಿಗ್ಗಿಯೂ ಇರುವುದಿಲ್ಲ, ಪೂರ್ತಿ ಒಣಗಿಯೂ ಇರುವುದಿಲ್ಲ; ಪುಟ್ಟಿ ಕಲಸಲು ಸಮಯವೂ ಸಿಗುತ್ತದೆ.

ಹಳೆ ಬಣ್ಣ ತೆಗೆಯುವುದು

ಪಾಲಿಯೆಸ್ಟರ್ ಪುಟ್ಟಿ ಹಳೆ ಎನಾಮೆಲ್ ಮೇಲೆ ನಿಲ್ಲುವುದಿಲ್ಲ. ಸ್ಟೈರೀನ್ ಹಳೆ ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಅಂಚಿನಲ್ಲಿ ಸುಕ್ಕು ಏಳುತ್ತದೆ. ತುಂಬುವ ಜಾಗ ಮತ್ತು ಅದರ ಸುತ್ತ ಎರಡು ಇಂಚು ಬರಿ ಮರ ಕಾಣಲೇಬೇಕು. ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆ ಪೂರ್ತಿ ತೆಗೆಯಬೇಕಿಲ್ಲ, 120 ನಂಬರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು) ಹೊಡೆದು ಹೊಳಪು ಸಾಯಿಸಿದರೆ ಸಾಕು. ಈ ಕದದಲ್ಲಿ ಪದರ ದಪ್ಪವಾಗಿ ಕೆತ್ತನೆಯ ಅಂಚುಗಳೇ ಮುಚ್ಚಿಹೋಗಿದ್ದರಿಂದ ಹೀಟ್ ಗನ್ನಿನಿಂದ ಬಿಸಿಮಾಡಿ ಸ್ಕ್ರೇಪರಿನಿಂದ ಎಲ್ಲವನ್ನೂ ಎಬ್ಬಿಸಲಾಯಿತು. ಬಣ್ಣ ಗುಳ್ಳೆ ಏಳುವಷ್ಟು ಬಿಸಿ ಸಾಕು. ಹೊಗೆ ಬಂದರೆ ಹೆಚ್ಚಾಯಿತು.

ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಹಳೆ ಪದರವನ್ನು ಒಣ ಪೇಪರಿನಿಂದ ತಿಕ್ಕಿ ಧೂಳೆಬ್ಬಿಸಬೇಡಿ. ಕೆರೆದು ತೆಗೆಯಿರಿ, ಚಕ್ಕೆಯನ್ನು ತಾಡಪತ್ರಿಯ ಮೇಲೆ ಬೀಳಿಸಿ ಕಟ್ಟಿ ಎಸೆಯಿರಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನು ಅಂಗಳದಿಂದ ಆಚೆ ಇಡಿ. ಇದ್ದಲ್ಲೇ ಬಿಟ್ಟ ಹಳೆ ಬಣ್ಣದ ಹೊಳಪು ಸಾಯಿಸುವಾಗಲೂ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿಯೇ ಹೊಡೆಯಿರಿ.

ಬರಿ ಮರ ಬಂದ ಮೇಲೆ 80, ಆಮೇಲೆ 120. ಎರಡೂ ಎಳೆಯ ಉದ್ದಕ್ಕೆ. ಸಾಗವಾನಿಯ ಮೈಯಲ್ಲಿ ಎಣ್ಣೆ ಇರುತ್ತದೆ. ಪುಟ್ಟಿ ಹಾಕುವ ಸ್ವಲ್ಪ ಮುಂಚೆ ಎನ್‌ಸಿ ಥಿನ್ನರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಹಾರಲು ಹತ್ತು ನಿಮಿಷ ಬಿಡಬೇಕು. ಇದನ್ನು ಬಿಟ್ಟರೆ ಪುಟ್ಟಿಯ ಮೇಲ್ಮೈ ಗಟ್ಟಿಯಾದರೂ ಮರಕ್ಕೆ ತಾಗಿದ ತಳ ಅಂಟಂಟಾಗಿಯೇ ಉಳಿಯಬಹುದು, ಏಕೆಂದರೆ ಎಣ್ಣೆಯುಕ್ತ ಮರಗಳ ಕೆಲವು ಅಂಶಗಳು ಪಾಲಿಯೆಸ್ಟರ್ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಬೀಟೆ ಮರದಲ್ಲಿ ಇದು ಇನ್ನೂ ಜೋರು. ಮೊದಲು ಕದದ ಮೇಲಂಚಿನಲ್ಲಿ ಒಂದು ಚೂರು ಹಾಕಿ, ಗಂಟೆಯ ನಂತರ ಉಳಿಯಿಂದ ಎಬ್ಬಿಸಿ ತಳ ನೋಡಿ. ತಳ ಒಣಗಿದ್ದು ಮರದ ಎಳೆಯನ್ನೂ ಕಿತ್ತುಕೊಂಡು ಬಂದರೆ ಧೈರ್ಯವಾಗಿ ಮುಂದೆ ಹೋಗಬಹುದು.

ಯಾವ ಗುಂಡಿಗೆ ಏನು

ಮೊಳೆ ತೂತುಗಳು ಸುಲಭ. ಒಳಗೆ ಮೊಳೆ ಉಳಿದಿದ್ದರೆ ತಲೆಯನ್ನು 2 ಮಿಲಿಮೀಟರ್ ಕೆಳಗೆ ಬಡಿದು, ತುಕ್ಕಿಗೆ ಒಂದು ಹನಿ ಮೆಟಲ್ ಪ್ರೈಮರ್ ಮುಟ್ಟಿಸಿ, ಅದು ಚೆನ್ನಾಗಿ ಒಣಗಿದ ಮೇಲೆ ಪುಟ್ಟಿ. ಪ್ರೈಮರ್ ಇಲ್ಲದಿದ್ದರೆ ಮುಂದಿನ ಮಳೆಗಾಲ ಬಿಳಿ ಬಾಗಿಲಿನ ಮೇಲೆ ಕಂದು ಚುಕ್ಕೆ.

ಬಿಜಾಗ್ರಿಯ ಸ್ಕ್ರೂ ತೂತುಗಳಿಗೆ ಪುಟ್ಟಿ ಬೇಡವೇ ಬೇಡ. ಪುಟ್ಟಿಯಲ್ಲಿ ಸ್ಕ್ರೂವಿನ ಹಲ್ಲು ನಿಲ್ಲುವುದಿಲ್ಲ, ಕದದ ಭಾರಕ್ಕೆ ಪುಡಿಯಾಗುತ್ತದೆ. 10 ಮಿಲಿಮೀಟರ್ ಡ್ರಿಲ್ಲಿನಿಂದ ತೂತು ಅಗಲಿಸಿ, ಸಾಗವಾನಿಯ ಗುಂಡು ಕಡ್ಡಿಗೆ ಬಿಳಿ ಅಂಟು ಬಳಿದು ಬಡಿದು, ಮರುದಿನ ಸಮಕ್ಕೆ ಕೊಯ್ದು, ಹೊಸದಾಗಿ 3 ಮಿಲಿಮೀಟರ್ ತೂತು ಹಾಕಿ ಸ್ಕ್ರೂ ಹಾಕಬೇಕು. ಚಿಲಕದ ಗುಂಡಿ ನಾಲ್ಕು ಇಂಚು ಉದ್ದ, ಮುಕ್ಕಾಲು ಇಂಚು ಆಳ ಇತ್ತು. ಅಷ್ಟನ್ನೂ ಪುಟ್ಟಿಯಿಂದ ತುಂಬುವುದು ದುಡ್ಡಿನ ದಂಡ. ಎಳೆಯ ದಿಕ್ಕು ಹೊಂದಿಸಿ ಮರದ ತುಂಡು ಕೂರಿಸಿ ಅಂಟಿಸಿ, ಮೇಲ್ಮೈಯಿಂದ 1 ಮಿಲಿಮೀಟರ್ ತಗ್ಗಿಗೆ ತಂದು, ಆ ತಗ್ಗಿಗೆ ಮತ್ತು ಸುತ್ತಲ ಗೆರೆಗಷ್ಟೇ ಪುಟ್ಟಿ ಕೊಡಲಾಯಿತು.

ಹಲಗೆಯ ಉದ್ದ ಬಿರುಕಿಗೂ ಮರವೇ ಮದ್ದು. ಗಾಡಿ ಸಡಿಲವಾದ ಮೇಲೆ ಬಿರುಕಿನ ಎರಡು ಭಾಗ ಒತ್ತಿದರೆ ಕೂಡುವಂತಿದ್ದರೆ ಅಂಟು ಹಾಕಿ ಕ್ಲಾಂಪ್ ಬಿಗಿಯಿರಿ. ಕೂಡದಿದ್ದರೆ ಬೇವಿನದೇ ತೆಳು ಚಕ್ಕೆ ಸೀಳಿ, ಅಂಟು ಹಚ್ಚಿ ಬಿರುಕಿಗೆ ತೂರಿಸಿ ಸಮ ಮಾಡಿ. ಮರದ ಚಕ್ಕೆ ಹಲಗೆಯ ಜೊತೆಯೇ ಹಿಗ್ಗಿ ಕುಗ್ಗುತ್ತದೆ.

ಒಡೆದ ಮೂಲೆ ಪುಟ್ಟಿಗೆ ಹೇಳಿಮಾಡಿಸಿದ ಜಾಗ. ಆದರೆ ಅಲ್ಲಿ ಏಟು ಬೀಳುತ್ತದೆ, ಮರಕ್ಕೆ ಅಂಟಿದ ಬಲವೊಂದೇ ಸಾಲದು. ಒಡೆದ ಮುಖದಲ್ಲಿ 3 ಮಿಲಿಮೀಟರಿನ ನಾಲ್ಕಾರು ತೂತು ಓರೆಯಾಗಿ ಕೊರೆದು, ಎರಡು ಚಿಕ್ಕ ಸ್ಕ್ರೂಗಳನ್ನು ಅರ್ಧ ತಿರುಗಿಸಿ ತಲೆ ಹೊರಗೆ ಬಿಟ್ಟರೆ ಪುಟ್ಟಿಗೆ ಹಿಡಿ ಸಿಗುತ್ತದೆ. ಸ್ಕ್ರೂ ತಲೆ ಮುಗಿದ ಮೇಲ್ಮೈಯಿಂದ 4 ಮಿಲಿಮೀಟರಾದರೂ ಒಳಗಿರಲಿ, ಇಲ್ಲದಿದ್ದರೆ ತಿಕ್ಕುವಾಗ ಪೇಪರ್ ಹರಿಯುತ್ತದೆ.

ಕೆಳತುದಿಯ ಕಥೆ ಬೇರೆ. ನಮ್ಮ ಮನೆಗಳಲ್ಲಿ ನೆಲ ಶಹಾಬಾದಿನ ಫರ್ಸಿ ಕಲ್ಲು. ಬಕೆಟ್ ನೀರು ಚೆಲ್ಲಿ ತೊಳೆಯುವುದು ರೂಢಿ. ಕದದ ಕೆಳಗಂಚಿಗೆ ಬಣ್ಣ ಮುಟ್ಟಿರುವುದೇ ಅಪರೂಪ, ಕಣ್ಣಿಗೆ ಕಾಣುವುದಿಲ್ಲವಲ್ಲ. ನಿಲುವು ಪಟ್ಟಿಯ ಕಡಿದ ತುದಿ ನೇರವಾಗಿ ನೀರು ಹೀರುತ್ತದೆ. ಅಲ್ಲಿನ ಕೊಳೆತ ಭಾಗವನ್ನು ಉಳಿಗೆ ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆದು, ವಾರ ಒಣಗಿಸಿ, ತೆಳು ಎಪಾಕ್ಸಿಯನ್ನು ಬ್ರಷ್ಷಿನಿಂದ ತುದಿ ಕುಡಿಯುವಷ್ಟು ಕುಡಿಸಲಾಯಿತು. ಮೇಲೆ ತುಂಬಿದ್ದೂ ಎಪಾಕ್ಸಿ ಪುಟ್ಟಿಯೇ. ಪಾಲಿಯೆಸ್ಟರ್ ಪುಟ್ಟಿಯ ಟಾಲ್ಕ್ ನೀರು ಎಳೆಯುತ್ತದೆ; ನೀರು ನಿಲ್ಲುವ ಜಾಗಕ್ಕೆ ಅದು ತಕ್ಕದ್ದಲ್ಲ. ಎಪಾಕ್ಸಿ ಗಟ್ಟಿಯಾಗಲು ಒಂದು ರಾತ್ರಿ ಬೇಕು. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಾಕಬಹುದು, ಹಸಿ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಕಿದರೆ ಅದು ಹೆಪ್ಪುಗಟ್ಟದೆ ಅಂಟಾಗಿ ಕೂರುತ್ತದೆ.

ಹಲಗೆಯಲ್ಲಿ ನುಸಿ ತೂತು ಕಂಡರೆ ಕೆಳಗೆ ಹೊಸ ಹಿಟ್ಟು ಬೀಳುತ್ತಿದೆಯೇ ನೋಡಿ. ಬೀಳುತ್ತಿದ್ದರೆ ಔಷಧಿ ಹೊಡೆದು ನಿಂತದ್ದು ಖಾತ್ರಿಯಾಗುವವರೆಗೆ ಪುಟ್ಟಿ ಹಾಕಬೇಡಿ.

ಇನ್ನೊಂದು ಮಾತು. ಬೀದರ್ ಕೋಟೆಯ ರಂಗೀನ ಮಹಲಿನ ಮರದ ಕೆತ್ತನೆ ನೋಡಿದವರಿಗೆ ಗೊತ್ತು, ಈ ಭಾಗದಲ್ಲಿ ಮರಗೆಲಸ ಎಂಥ ಮಟ್ಟದ್ದಿತ್ತು ಅಂತ. ಹಳೆ ವಾಡೆಗಳ ಕೆತ್ತಿದ ಚೌಕಟ್ಟು ಕೈಗೆ ಬಂದರೆ ಈ ಪುಟ್ಟಿ ಮುಟ್ಟಿಸಬೇಡಿ. ಬಣ್ಣ ಕಳಚಿ ಎಣ್ಣೆ ಹಚ್ಚಿದರೆ ಸಾಕು.

ಕಲಸುವುದು

ಅಳತೆ ತೂಕದಲ್ಲಿ: 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಒಂದು ಸಲಕ್ಕೆ 50 ಗ್ರಾಂಗಿಂತ ಹೆಚ್ಚು ಕಲಸಬೇಡಿ, ಅದಕ್ಕೆ 1 ಗ್ರಾಂ. ಸಣ್ಣ ತಕ್ಕಡಿ ಇಲ್ಲದಿದ್ದರೆ ಕಣ್ಣಂದಾಜಿಗೆ ಹತ್ತು ತೊಗರಿ ಕಾಳಿನಷ್ಟು ಗಾತ್ರ. 25 ಡಿಗ್ರಿಯಲ್ಲಿ ಇದು ನಾಲ್ಕೈದು ನಿಮಿಷ ಕೈಯಲ್ಲಿರುತ್ತದೆ. 40 ಡಿಗ್ರಿಯಲ್ಲಿ ಎರಡು ನಿಮಿಷಕ್ಕೇ ಮೊಸರೊಡೆದಂತೆ ಗಂಟು ಗಂಟಾಗುತ್ತದೆ. ಬೇಸಿಗೆಯಲ್ಲೇ ಮಾಡಬೇಕಾದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ, ಡಬ್ಬಿಯನ್ನು ಒಳಮನೆಯ ಫರ್ಸಿಯ ಮೇಲಿಡಿ, ಹಾರ್ಡನರನ್ನು 100ಕ್ಕೆ ಒಂದೂವರೆ ಗ್ರಾಂಗೆ ಇಳಿಸಿ. ಒಂದಕ್ಕಿಂತ ಕೆಳಗೆ ಹೋಗಬೇಡಿ: ಪುಟ್ಟಿ ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿ ಉಳಿಯುತ್ತದೆ, ಪೇಪರಿಗೆ ಮೆತ್ತುತ್ತದೆ, ಕೊನೆಗೆ ಎಲ್ಲ ಕೆರೆದು ತೆಗೆಯಬೇಕು. ಬೇಗ ಆಗಲಿ ಅಂತ ಹೆಚ್ಚು ಹಾಕುವುದೂ ತಪ್ಪು. ಉಳಿದ ಪೆರಾಕ್ಸೈಡ್ ಪ್ರೈಮರ್ ದಾಟಿ ಬಂದು ತಿಳಿಬಣ್ಣದ ಎನಾಮೆಲ್ ಮೇಲೆ ಹಳದಿ ಮಚ್ಚೆ ಮಾಡುತ್ತದೆ. ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಹೋಗುವುದಿಲ್ಲ, ಪುಟ್ಟಿಯನ್ನೇ ತೆಗೆಯಬೇಕಾಗುತ್ತದೆ.

ಕಲಸಲು ಗಾಜು ಅಥವಾ ನುಣುಪು ಟೈಲ್ ತುಂಡು ಬಳಸಿ. ರಟ್ಟು ಬೇಡ, ರಾಳವನ್ನು ಹೀರುತ್ತದೆ. ಗರಗರ ತಿರುಗಿಸಿದರೆ ಗಾಳಿ ಸೇರಿ ಸೂಜಿತೂತು ಬೀಳುತ್ತವೆ. ಬ್ಲೇಡಿನಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ಹಾರ್ಡನರಿನ ಬಣ್ಣದ ಗೆರೆ ಒಂದೂ ಕಾಣದೆ ಎಲ್ಲ ಒಂದೇ ಬಣ್ಣಕ್ಕೆ ಬಂದಾಗ ಆಯಿತು. ಬ್ಲೇಡಿಗೆ ಮೆತ್ತಿದ ಹಾರ್ಡನರ್ ಡಬ್ಬಿಯೊಳಗೆ ಹೋದರೆ ಡಬ್ಬಿಯೇ ಕಲ್ಲಾಗುತ್ತದೆ, ಆದ್ದರಿಂದ ತೆಗೆಯಲು ಒಂದು ಬ್ಲೇಡ್, ಕಲಸಲು ಇನ್ನೊಂದು.

ಮೊದಲ ಸುತ್ತು ಬ್ಲೇಡನ್ನು ನೆಟ್ಟಗೆ ಹಿಡಿದು ಒತ್ತಿ, ಮರದ ಎಳೆಯೊಳಗೆ ಉಜ್ಜಬೇಕು. ಹಿಡಿತ ಬರುವುದು ಇದರಿಂದಲೇ. ತಕ್ಷಣ ಅದರ ಮೇಲೆ ಬ್ಲೇಡ್ ಓರೆ ಮಾಡಿ ತುಂಬಿ. ಒಂದು ಪದರಕ್ಕೆ 4 ಮಿಲಿಮೀಟರ್ ಮೀರಬಾರದು, ದಪ್ಪವಾದರೆ ಒಳಗಿನ ಶಾಖಕ್ಕೆ ಬಿರುಕು ಬಿಡುತ್ತದೆ. ಕೊನೆಯ ಪದರ ಮರಕ್ಕಿಂತ 1 ಮಿಲಿಮೀಟರ್ ಎತ್ತರ ನಿಲ್ಲಲಿ. ಗಂಟು ಕಟ್ಟಲು ಶುರುವಾದ ಪುಟ್ಟಿಯನ್ನು ಎಳೆಯಬೇಡಿ. 50 ಗ್ರಾಂ ಹೋದರೆ ಹೋಗಲಿ.

ತಿಕ್ಕುವುದು

ಹತ್ತು ಹನ್ನೆರಡು ನಿಮಿಷಕ್ಕೆ, ಉಗುರು ಒತ್ತಿದರೆ ಗುರುತು ಬೀಳುವ ಆದರೆ ಅಂಟದ ಹದ ಬರುತ್ತದೆ. ಆಗ ಹರಿತ ಉಳಿಯಿಂದ ಅಥವಾ ಒರಟು ಅರದಿಂದ ಹೆಚ್ಚುವರಿ ಪುಟ್ಟಿಯನ್ನು ಸವರಿ ತೆಗೆದರೆ ಮುಂದಿನ ಧೂಳಿನ ಕೆಲಸ ಅರ್ಧ ಉಳಿಯುತ್ತದೆ. ಈ ಹದ ಐದು ನಿಮಿಷ ಮಾತ್ರ.

ಅರ್ಧ ಗಂಟೆಯ ನಂತರ 80 ನಂಬರ್. ಗಾಳಿಗೆ ತೆರೆದ ಪದರ ಸ್ವಲ್ಪ ಅಂಟಾಗಿಯೇ ಇರುತ್ತದೆ, ಆಮ್ಲಜನಕ ಅಲ್ಲಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಮೊದಲ ಪೇಪರ್ ತುಂಡು ಆ ಅಂಟಿಗೇ ಬಲಿ, ಆಮೇಲೆ ಬಿಳಿ ಪುಡಿ ಉದುರುತ್ತದೆ. ಪುಡಿ ಉದುರದೆ ಗೋಲಿಗೋಲಿಯಾಗಿ ಮೆತ್ತಿದರೆ ಇನ್ನೂ ಬಲಿತಿಲ್ಲ, ಬಿಡಿ.

ಪೇಪರನ್ನು ಬೆರಳಿನಿಂದ ಒತ್ತಿ ತಿಕ್ಕುವುದೇ ಪುಟ್ಟಿ ಕೆಲಸದ ದೊಡ್ಡ ಶತ್ರು. ಪುಟ್ಟಿ ಒಂದು ಗಡಸು, ಸುತ್ತಲ ಮರ ಇನ್ನೊಂದು. ಬೆರಳು ಮೆತ್ತಗಿರುವುದನ್ನು ಹುಡುಕಿ ಕೊರೆಯುತ್ತದೆ, ಪುಟ್ಟಿ ದಿಬ್ಬವಾಗಿ ನಿಲ್ಲುತ್ತದೆ. ಒಣಗಿದಾಗ ಕಾಣುವುದಿಲ್ಲ; ಎನಾಮೆಲ್ ಹೊಳಪು ಬಂದು ಕಿಟಕಿಯ ಬೆಳಕು ಓರೆ ಬಿದ್ದಾಗ ಪ್ರತಿ ತೇಪೆಯೂ ಎದ್ದು ಕಾಣುತ್ತದೆ. ಆರು ಇಂಚು ಉದ್ದ, ಮೂರು ಇಂಚು ಅಗಲದ ಸಮತಟ್ಟು ಮರದ ತುಂಡಿಗೆ ತೆಳು ರಬ್ಬರ್ ಹಾಳೆ ಅಂಟಿಸಿ ಪೇಪರ್ ಸುತ್ತಿಕೊಳ್ಳಿ. 80ರಲ್ಲಿ ಓರೆಯಾಗಿ, ಒಮ್ಮೆ ಆ ಕಡೆಯಿಂದ ಒಮ್ಮೆ ಈ ಕಡೆಯಿಂದ. 120 ಮತ್ತು 180 ಎಳೆಯ ಉದ್ದಕ್ಕೆ. ನಂಬರ್ ಬದಲಿಸುವ ಮುಂಚೆ ಪುಟ್ಟಿಯ ಮೇಲೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಿ; ಗೀಟು ಉಳಿದ ಜಾಗ ತಗ್ಗು. 80ರ ಗೀರು 120ರಲ್ಲಿ ಪೂರ್ತಿ ಹೋಗದೆ 180ಕ್ಕೆ ಹಾರಿದರೆ ಆ ಗೀರು ಕೊನೆಯವರೆಗೂ ಉಳಿಯುತ್ತದೆ. ಪ್ರೈಮರಿಗೆ ಮುಂಚೆ 180ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಪ್ರೈಮರಿಗೆ ಹಿಡಿಯಲು ಏನೂ ಇರುವುದಿಲ್ಲ.

ವಾಟರ್ ಪೇಪರಿಗೆ ನೀರು ಅದ್ದಿ ತಿಕ್ಕುವ ರೂಢಿ ಪೇಂಟರುಗಳಲ್ಲಿ ಬಲವಾಗಿದೆ. ಬರಿ ಪುಟ್ಟಿಯ ಮೇಲೆ ಅದು ಬೇಡ. ಟಾಲ್ಕ್ ನೀರು ಕುಡಿಯುತ್ತದೆ, ಬರಿ ಮರದ ಎಳೆ ಏಳುತ್ತದೆ, ಆ ತೇವ ಪ್ರೈಮರಿನಡಿ ಸಿಕ್ಕಿಕೊಂಡು ಬಿಸಿಲಿಗೆ ಗುಳ್ಳೆಯಾಗುತ್ತದೆ. ನೀರಿನ ತಿಕ್ಕು ಪ್ರೈಮರ್ ಪೂರ್ತಿ ಮುಚ್ಚಿದ ಮೇಲೆ. ಧೂಳು ತೆಗೆಯಲೂ ಒಣ ಬ್ರಷ್, ಆಮೇಲೆ ಟರ್ಪೆಂಟೈನಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆ.

ಸೂಜಿತೂತುಗಳು ಕಂಡರೆ ಈಗಲೇ ಪಾಲಿಯೆಸ್ಟರ್ ಪುಟ್ಟಿಯನ್ನೇ ಕಾಗದದಷ್ಟು ತೆಳುವಾಗಿ ಇನ್ನೊಮ್ಮೆ ಎಳೆದು 180 ಹೊಡೆಯಿರಿ.

ಪ್ರೈಮರ್

ಗಂಟುಗಳ ಮೇಲೆ ಮೊದಲು ಶೆಲ್ಲಾಕ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು, ಎರಡು ಕೈ. ಇಲ್ಲದಿದ್ದರೆ ಗಂಟಿನ ಕಂದು ಬಣ್ಣ ಹೊರಗೆ ಇಳಿಯುತ್ತದೆ. ಆಮೇಲೆ ಪುಟ್ಟಿ ಇರುವ ಜಾಗಗಳಿಗೆ ಮಾತ್ರ ಒಂದು ಕೈ ಪ್ರೈಮರ್. ಪುಟ್ಟಿ ಮತ್ತು ಮರ ಬಣ್ಣ ಹೀರುವ ಪ್ರಮಾಣ ಬೇರೆ ಬೇರೆ. ಇದನ್ನು ಬಿಟ್ಟರೆ ಎನಾಮೆಲ್ಲಿನ ಹೊಳಪು ತೇಪೆತೇಪೆಯಾಗುತ್ತದೆ. ಬಳಿಕ ಇಡೀ ಕದಕ್ಕೆ ಎರಡು ಕೋಟ್, ಆಯಿಲ್ ವುಡ್ ಪ್ರೈಮರಿಗೆ ಶೇ. 10ರಿಂದ 15 ಟರ್ಪೆಂಟೈನ್. ಎರಡು ಕದದ ಎರಡೂ ಮುಖ, ಅಂಚು, ಚೌಕಟ್ಟು ಸೇರಿ ಸುಮಾರು 60 ಚದರ ಅಡಿ. ಎರಡು ಕೋಟಿಗೆ ಒಂದು ಲೀಟರ್ ಸಾಕು. ಕೋಟುಗಳ ನಡುವೆ ಒಂದು ರಾತ್ರಿ. ಸಾಗವಾನಿಯ ಮೇಲೆ ಆಯಿಲ್ ಪ್ರೈಮರ್ ತಡವಾಗಿ ಒಣಗುತ್ತದೆ, ಉಗುರಿಗೆ ಮೆತ್ತಗಿದ್ದರೆ ಇನ್ನೊಂದು ದಿನ ಬಿಡಿ.

ಪ್ರೈಮರ್ ಬಿದ್ದ ಮೇಲೆ ಕಾಣುವ ಸಣ್ಣ ಗೀರಿಗೆ ಎನ್‌ಸಿ ಪುಟ್ಟಿ ಎಳೆಯುವ ಆಸೆ ಬರುತ್ತದೆ. ಅದರ ಥಿನ್ನರ್ ಹೊಸ ಆಯಿಲ್ ಪ್ರೈಮರನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಆಯಿಲ್ ಪ್ರೈಮರಿನ ಮೇಲೆ ಎಣ್ಣೆಯ ಲಪ್ಪವೇ ಸರಿ. ತೆಳುವಾಗಿ ಎಳೆದು, ಪೂರ್ತಿ ಒಣಗಿಸಿ, 220 ಹೊಡೆದು, ಆ ಚುಕ್ಕೆಗೆ ಮತ್ತೆ ಪ್ರೈಮರ್. ಕೊನೆಗೆ ಇಡೀ ಮೈಗೆ 320 ವಾಟರ್ ಪೇಪರ್. ಎನಾಮೆಲ್ ಎರಡು ಕೋಟ್, ಬೆಳಿಗ್ಗೆ ಹೊತ್ತು. ಸಂಜೆ ಗಾಳಿಗೆ ಎರೆಮಣ್ಣಿನ ಧೂಳು ಏಳುತ್ತದೆ. ಬಳಿಯುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ.

ಕದವನ್ನು ಮತ್ತೆ ನಿಲ್ಲಿಸುವ ಮುಂಚೆ ಕೆಳಗಂಚು, ಮೇಲಂಚು, ಬಿಜಾಗ್ರಿಯ ಗಾಡಿ ಎಲ್ಲಕ್ಕೂ ಪ್ರೈಮರ್ ಮತ್ತು ಎನಾಮೆಲ್ ಬಿದ್ದಿರಬೇಕು. ನಡುವಿನ ಸಂದಿಯ ಲೆಕ್ಕ ಹೀಗೆ: ನಾಲ್ಕು ನಿಲುವು ಪಟ್ಟಿ, ಒಂದೊಂದು 100 ಮಿಲಿಮೀಟರ್, ಒಟ್ಟು 400, ಶೇ. 6ರ ಏರಿಳಿತಕ್ಕೆ ಸುಮಾರು 5 ಮಿಲಿಮೀಟರ್. ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಅಂಚು ಹೆರೆಸಿ, ಹೆರೆದ ಮರಕ್ಕೆ ಬಣ್ಣ ಕಾಣಿಸದೆ ಬಿಟ್ಟು, ಬೇಸಿಗೆಯಲ್ಲಿ ಬೆರಳು ತೂರುವ ಸಂದಿ ನೋಡಿ ಬಡಿಗನನ್ನು ಬೈಯುವುದು ಇದರಿಂದಲೇ. ಚಳಿಗಾಲದಲ್ಲಿ ನಿಲ್ಲಿಸುವುದಾದರೆ ಎರಡು ಕದದ ನಡುವೆ ಮತ್ತು ಎರಡು ಪಕ್ಕ ಸೇರಿ ಒಟ್ಟು 6 ಮಿಲಿಮೀಟರ್ ಬಿಡಿ, ಮೇ ತಿಂಗಳಾದರೆ 8. ಎನಾಮೆಲ್ಲಿನ ದಪ್ಪವನ್ನೂ ಇದರೊಳಗೇ ಹಿಡಿಯಿರಿ.